ಹಾಗೂ ಕಟ್ಟಬಹುದು, ಹೀಗೂ ಕಟ್ಟಬಹುದು

ಠಾಣೆಯ ಪಕ್ಕದ ಕಳವಾ ಎಂಬಲ್ಲಿರುವ ನಮ್ಮ ಸೊಸೈಟಿಯಲ್ಲಿ ವರ್ಷಕ್ಕೆ ಎರಡು ದಿನ ಎಲ್ಲರಿಗೂ ದೇಶದ ಚಿಂತೆ ಹತ್ತಿಕೊಳ್ಳುತ್ತದೆ. ಆಗಸ್ಟ್ 15, ಜನವರಿ 26 ಅಂದುಕೊಂಡಿರಾ? ಛೆ ಛೆ, ಆ ದಿನ ಬಾವುಟದ ಬುಡದಲ್ಲಿ ಇರುವವರು ಸೆಕ್ರೆಟರಿ, ವಾಚ್‌ಮನ್ ಮತ್ತು ಲಾಡು ಹಂಚುತ್ತಾರೆಂಬ ಸುದ್ದಿ ಸಿಕ್ಕಿ ಬಂದ ನಾಲ್ಕು ಮಕ್ಕಳು ಮಾತ್ರ. ನಾನು ಹೇಳುತ್ತಿರುವುದು ಮಾರ್ಚ್ 15 ಮತ್ತು ಜುಲೈ 31ರ ಮಾತು. ಮೊದಲನೆಯದು ಅಡ್ವಾನ್ಸ್ ಟ್ಯಾಕ್ಸಿನ ಕೊನೆಯ ಕಂತಿನ ದಿನ, ಎರಡನೆಯದು ಸಂಬಳದವರು ರಿಟರ್ನ್ ಫೈಲ್ ಮಾಡುವ ಗಡುವು. ಆ ದಿನಗಳಲ್ಲಿ ಲಿಫ್ಟಿನಲ್ಲಿ ಸಿಕ್ಕವರೆಲ್ಲರದೂ ಒಂದೇ ಪ್ರಶ್ನೆ: "ಅಲ್ಲ ಮಾರಾಯ್ರೇ, ಇಷ್ಟು ದುಡ್ಡು ತಗೊಂಡು ಈ ಸರಕಾರ ಮಾಡೋದಾದ್ರೂ ಏನು?" ಲಿಫ್ಟು ಕೆಳಗೆ ಮುಟ್ಟುವಷ್ಟರಲ್ಲಿ ರಸ್ತೆ, ನೀರು, ಸ್ಟೇಷನ್ನಿನ ನೂಕುನುಗ್ಗಲು ಎಲ್ಲದರ ವಿಚಾರಣೆ ಮುಗಿದು ತೀರ್ಪೂ ಹೊರಬಿದ್ದಿರುತ್ತದೆ.

ನಾನು ಕಿವಿಗೊಟ್ಟು ಕೇಳುವ ಪೈಕಿ. ಕೇಳಿ ಕೇಳಿ ನನಗೊಂದು ವಿದ್ಯೆ ಒಲಿದಿದೆ. ಒಬ್ಬ ಮನುಷ್ಯ ಟ್ಯಾಕ್ಸ್ ಕಟ್ಟುವ ರೀತಿ ನೋಡಿದರೆ ಸಾಕು, ಅವನ ಜಾತಕ ಬರೆದುಕೊಡುತ್ತೇನೆ. ದಕ್ಷಿಣೆ ಬೇಡ, ಟಿಡಿಎಸ್ ಕಡಿಯುವ ತಾಪತ್ರಯವೂ ಬೇಡ.

ಮೊದಲು ಸಂಬಳದವರನ್ನೇ ಹಿಡಿಯೋಣ, ಕೈಗೆ ಸಿಗುವವರು ಅವರೇ ಅಲ್ಲವೇ? ಸರಕಾರವೂ ಹಾಗೇ ಅಂದುಕೊಂಡಿದೆ. ಇವರು ಬೆಳಗಿನ ಸ್ಲೋ ಲೋಕಲ್ಲಿನಲ್ಲಿ ಒಂದು ಕೈಯಿಂದ ಹಿಡಿಕೆ, ಇನ್ನೊಂದು ಕೈಯಿಂದ ಟಿಫಿನ್ ಬ್ಯಾಗು ಹಿಡಿದು ನಿಂತು, "ಈ ದೇಶ ನಡೀತಿರೋದೇ ನಮ್ಮ ಟ್ಯಾಕ್ಸಿನಿಂದ" ಎಂದು ಮುಲುಂಡ್ ಬರುವವರೆಗೂ ಭಾಷಣ ಬಿಗಿಯುತ್ತಾರೆ. ಮೆಲ್ಲಗೆ ಕೇಳಿ ನೋಡಿ: "ಸರ್, ಈ ವರ್ಷ ಎಷ್ಟು ಕಟ್ಟಿದಿರಿ?" ಉತ್ತರ ಬರುವುದಿಲ್ಲ. ಯಾಕೆಂದರೆ ಪಾಪ, ಇವರು ಹುಟ್ಟಿದಾರಭ್ಯ ಟ್ಯಾಕ್ಸ್ ಕಟ್ಟಿದವರಲ್ಲ, ಕಡಿಸಿಕೊಂಡವರು. ಸಂಬಳದ ಟ್ಯಾಕ್ಸು ನಮ್ಮೂರಿನ ಫಾಸ್ಟ್ ಲೋಕಲ್ ಇದ್ದ ಹಾಗೆ; ಧಡಧಡ ಸದ್ದು ಕೇಳುತ್ತದೆ, ಗಾಳಿ ಮುಖಕ್ಕೆ ಬಡಿಯುತ್ತದೆ, ಕಳವಾದಲ್ಲಿ ಮಾತ್ರ ನಿಲ್ಲುವುದಿಲ್ಲ. ಜೂನ್ 15ರ ಸುಮಾರಿಗೆ ಕಂಪನಿಯವರು ಫಾರ್ಮ್ 16 ಕೊಟ್ಟಾಗಲೇ ಇವರಿಗೆ ತಮ್ಮ ತ್ಯಾಗದ ಅಳತೆ ಗೊತ್ತಾಗುವುದು.

ಸಂಬಳದ ಚೀಟಿಯಲ್ಲಿ ಇವರ ಕಣ್ಣಿಗೆ ನಿಜವಾಗಿ ಕುಕ್ಕುವ ಕಡಿತವೇ ಬೇರೆ. ಅದು ಮಹಾರಾಷ್ಟ್ರ ಸರಕಾರದ ಪ್ರೊಫೆಶನಲ್ ಟ್ಯಾಕ್ಸು. ತಿಂಗಳಿಗೆ 200 ರೂಪಾಯಿ, ಫೆಬ್ರವರಿಯಲ್ಲಿ ಮಾತ್ರ 300, ಒಟ್ಟು ವರ್ಷಕ್ಕೆ 2,500. ಸಾವಿರಗಟ್ಟಲೆ ಇನ್‌ಕಮ್ ಟ್ಯಾಕ್ಸ್ ಹೋದಾಗ ತುಟಿ ಬಿಚ್ಚದವರು ಫೆಬ್ರವರಿಯ ಆ ಹೆಚ್ಚಿನ 100 ರೂಪಾಯಿಗೆ ಅಕೌಂಟ್ಸಿನವರ ಮೇಜಿನ ಮುಂದೆ ನಿಲ್ಲುತ್ತಾರೆ. "28 ದಿನದ ತಿಂಗಳಿಗೆ ಜಾಸ್ತಿ ಯಾಕೆ?" ಅಂತ. ಪ್ರಶ್ನೆ ನ್ಯಾಯವಾದದ್ದೇ, ಬಿಡಿ.

ಈ ಸಂಬಳದವರ ಜನವರಿಯನ್ನು ನೀವು ನೋಡಬೇಕಿತ್ತು. "ಇನ್ವೆಸ್ಟ್‌ಮೆಂಟ್ ಪ್ರೂಫ್ ಕೊಡಿ" ಎಂದು ಆಫೀಸಿನಿಂದ ಮೇಲ್ ಬಂತೆಂದರೆ ಎಲ್‌ಐಸಿ ರಸೀದಿ, ಪಿಪಿಎಫ್ ಪಾಸ್‌ಬುಕ್ಕು, ಮಗಳ ಸ್ಕೂಲ್ ಫೀಸಿನ ಚೀಟಿ ಎಲ್ಲ ಹಾಸಿಗೆಯ ಮೇಲೆ ಹರಡಿಕೊಳ್ಳುತ್ತಿದ್ದವು. ವಿನಾಯಿತಿಯ ಒಂದೂವರೆ ಲಕ್ಷ ತುಂಬಿಸಬೇಕಲ್ಲ! ವರ್ಷವಿಡೀ ಅಮ್ಮನ ಮನೆಯಲ್ಲಿ ಪುಕ್ಕಟೆ ಉಂಡ ಮಗ ಜನವರಿಯಲ್ಲಿ ಒಂದೇ ಬೈಠಕ್ಕಿನಲ್ಲಿ ಹನ್ನೆರಡು ಬಾಡಿಗೆ ರಸೀದಿ ಬರೆದು, ರೆವಿನ್ಯೂ ಸ್ಟಾಂಪ್ ಅಂಟಿಸಿ, ಅಮ್ಮನ ರುಜು ಹಾಕಿಸುತ್ತಿದ್ದ. ಪೆನ್ನು ಮಾತ್ರ ಬೇರೆ ಬೇರೆ. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಮನೆ ಮಾಲೀಕರ ಪ್ಯಾನ್ ನಂಬರೂ ಬೇಕು ಎಂದ ಮೇಲೆ ಅಮ್ಮನೂ ಹುಷಾರಾದಳು: "ಹಾಗಾದ್ರೆ ಬಾಡಿಗೆ ಕೊಡು, ನಾನೇ ಟ್ಯಾಕ್ಸ್ ಕಟ್ಕೊಳ್ತೇನೆ."

ಈಗ ಆ ಸಂಭ್ರಮವೂ ತಣ್ಣಗಾಗಿದೆ. ಟ್ಯಾಕ್ಸಿನ ಹೊಸ ಪದ್ಧತಿಯಲ್ಲಿ ಈ ರಸೀದಿಗಳಿಗೆ ಬೆಲೆಯಿಲ್ಲ. ಅದರ ಬದಲಿಗೆ 2025ರ ಬಜೆಟ್ಟಿನಲ್ಲಿ ನಿರ್ಮಲಾ ಸೀತಾರಾಮನ್ ಅವರು 12 ಲಕ್ಷದವರೆಗೆ ಟ್ಯಾಕ್ಸೇ ಇಲ್ಲವೆಂದರು. ಸಂಬಳದವರಿಗೆ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ 12 ಲಕ್ಷ 75 ಸಾವಿರ. ಅವರು ರಾಜ್ಯಸಭೆಗೆ ಹೋದದ್ದು ಕರ್ನಾಟಕದಿಂದ ಎಂಬ ಕಾರಣಕ್ಕೆ ನಮ್ಮ ಬಿಲ್ಡಿಂಗಿನ ಮರಾಠಿ ನೆರೆಯವರು ಆ ಸಂಜೆ "ತುಮಚ್ಯಾ ಮ್ಯಾಡಮಾಂಚಂ ಬಜೆಟ್" (ನಿಮ್ಮ ಮೇಡಮ್ಮಿನ ಬಜೆಟ್) ಎಂದು ನನ್ನ ಬೆನ್ನು ತಟ್ಟಿದರು. ಬೆಲೆ ಏರಿದಾಗ ಬೈಯುವುದಕ್ಕೂ ನನ್ನನ್ನೇ ಹುಡುಕಿಕೊಂಡು ಬರುತ್ತಾರೆ, ಅದು ಬೇರೆ. ತಮಾಷೆ ಏನೆಂದರೆ, ಈಗ ಒಂದು ರೂಪಾಯಿ ಟ್ಯಾಕ್ಸೂ ಬೀಳದವರು ಕೂಡ ಲೋಕಲ್ಲಿನಲ್ಲಿ ಹಳೆಯ ಭಾಷಣವನ್ನು ನಿಲ್ಲಿಸಿಲ್ಲ.

ಇನ್ನು ಎರಡನೆಯ ಜಾತಕ, ಸ್ಟೇಷನ್ ಹತ್ತಿರದ ಹೋಟೆಲಿನ ಅಣ್ಣನದು. ಊರು ಕಾರ್ಕಳದ ಕಡೆ. ಇಡ್ಲಿ ಹಂಡೆ ಇಳಿಸುವ ಹೊತ್ತಿಗೆ ಗಲ್ಲಾದಲ್ಲಿ ಕೂತರೆ ರಾತ್ರಿ ಶಟರ್ ಎಳೆಯುವವರೆಗೆ ಏಳುವವರಲ್ಲ. ಇವರ ದುಡ್ಡನ್ನು ಯಾರೂ ಮೊದಲೇ ಕಡಿದಿಟ್ಟುಕೊಳ್ಳುವುದಿಲ್ಲ. ಬಂದದ್ದು ಬಂದ ಹಾಗೆ ಗಲ್ಲಾಕ್ಕೆ ಬಿದ್ದು, ಆಮೇಲೆ ಇವರೇ ಕೈಯಾರೆ ತೆಗೆದು ಸರಕಾರಕ್ಕೆ ಕೊಡಬೇಕು. ಆ ಸಂಕಟ ಸಂಬಳದವರಿಗೆ ಏನು ಗೊತ್ತು?

ಕಡಿದ ಟಿಡಿಎಸ್ ಕಳೆದ ಮೇಲೂ ವರ್ಷದ ಟ್ಯಾಕ್ಸ್ 10,000 ಅಥವಾ ಅದಕ್ಕಿಂತ ಹೆಚ್ಚು ಉಳಿಯುವಂತಿದ್ದರೆ ಅಡ್ವಾನ್ಸ್ ಕಟ್ಟಬೇಕು. ಜೂನ್ 15ಕ್ಕೆ ನೂರಕ್ಕೆ 15, ಸೆಪ್ಟೆಂಬರ್ 15ಕ್ಕೆ ಒಟ್ಟು 45, ಡಿಸೆಂಬರ್ 15ಕ್ಕೆ 75, ಮಾರ್ಚ್ 15ಕ್ಕೆ ಪೂರ್ತಿ. ಕಡಿಮೆ ಬಿದ್ದರೆ ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ. ಅಂದರೆ ವರ್ಷ ಮುಗಿಯುವ ಮೊದಲೇ, ಎಷ್ಟು ಸಂಪಾದಿಸುತ್ತೇನೆಂದು ಊಹಿಸಿ ಅದರ ಮೇಲೆ ಟ್ಯಾಕ್ಸ್ ಕಟ್ಟುವುದು. ಜ್ಯೋತಿಷ್ಯ ಗೊತ್ತಿಲ್ಲದವರಿಗೆ ವ್ಯಾಪಾರ ಹೇಳಿಸಿದ್ದಲ್ಲ ಅಂತ ಅಣ್ಣ ನಗುತ್ತಾರೆ.

ಸಣ್ಣ ವ್ಯಾಪಾರದವರ ಮೇಲೆ ಸರಕಾರ ಒಂದಿಷ್ಟು ಕರುಣೆ ತೋರಿಸಿದೆ. ವಹಿವಾಟು 2 ಕೋಟಿಯ ಒಳಗಿದ್ದರೆ, ನಗದು ತೀರ ಕಡಿಮೆಯಿದ್ದಲ್ಲಿ 3 ಕೋಟಿಯ ಒಳಗಿದ್ದರೆ, ಖರ್ಚಿನ ಪುಸ್ತಕಗಳನ್ನೆಲ್ಲ ಹೊತ್ತು ತಿರುಗಬೇಕಿಲ್ಲ. ಗಿರಾಕಿ ನೋಟು ಕೊಟ್ಟರೆ ನೂರಕ್ಕೆ 8 ರೂಪಾಯಿ ಲಾಭ ಎಂದು ಲೆಕ್ಕ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಕೊಟ್ಟರೆ 6. ನಾಲ್ಕು ಕಂತೂ ಇಲ್ಲ, ಮಾರ್ಚ್ 15ರೊಳಗೆ ಒಂದೇ ಸಲ ಕಟ್ಟಿದರಾಯಿತು. ಮೊದಲೆಲ್ಲ "ಚಿಲ್ರೆ ಕೊಡಿ ಚಿಲ್ರೆ ಕೊಡಿ" ಎಂದು ಗದರುತ್ತಿದ್ದ ಅಣ್ಣ ಈಗ ಗಲ್ಲಾದ ಮೇಲಿನ ಗಣಪತಿಯ ಫೋಟೋಕ್ಕಿಂತ ಒಂದು ಗೇಣು ಮುಂದೆ ಕ್ಯೂಆರ್ ಕೋಡ್ ನಿಲ್ಲಿಸಿದ್ದಾರೆ. ಮಸಾಲೆದೋಸೆಗೆ ಬಂದವರು ಮೊಬೈಲ್ ಎತ್ತಿದರೆ ಅವರ ಮುಖದಲ್ಲಿ ಆ ಎರಡು ಪರ್ಸೆಂಟಿನ ಮಂದಹಾಸ. ಮಾರ್ಚ್ 14ರ ರಾತ್ರಿ ಮಾತ್ರ ಆ ಮಂದಹಾಸವಿರುವುದಿಲ್ಲ. ಆ ದಿನ ಸಾಲ ಹೇಳಿ ತಿಂದವರೆಲ್ಲ ಅವರಿಗೆ ನೆನಪಾಗುತ್ತಾರೆ, ಹೆಸರು ಹಿಡಿದು.

ಮೂರನೆಯವರು ಎರಡನೇ ಮಹಡಿಯ ಮಾಸ್ತರು. ವಿಜಯಪುರ ಜಿಲ್ಲೆಯವರು, ಮುಂಬಯಿಯಲ್ಲಿ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಪೆನ್ಷನ್ನು, ನಾಲ್ಕು ಬ್ಯಾಂಕಿನಲ್ಲಿ ಎಫ್‌ಡಿ, ಒಂದು ಭೂತಗನ್ನಡಿ, ಇಷ್ಟು ಅವರ ಆಸ್ತಿ. 60 ದಾಟಿ ವ್ಯಾಪಾರ ವೃತ್ತಿ ಇಲ್ಲದವರಿಗೆ ಅಡ್ವಾನ್ಸ್ ಟ್ಯಾಕ್ಸಿನ ಗೊಡವೆಯಿಲ್ಲ. ವರ್ಷ ಮುಗಿದ ಮೇಲೆ ತಾನೇ ಲೆಕ್ಕ ಹಾಕಿ, ಉಳಿದದ್ದನ್ನು ಸೆಲ್ಫ್ ಅಸೆಸ್‌ಮೆಂಟ್ ಟ್ಯಾಕ್ಸ್ ಎಂದು ಕಟ್ಟಿ, ರಿಟರ್ನ್ ಫೈಲ್ ಮಾಡಿದರಾಯಿತು. ಸರಕಾರ ಮಾಸ್ತರರನ್ನು ನಂಬಿ, "ನಿಮ್ಮ ಪೇಪರನ್ನು ನೀವೇ ತಿದ್ದಿ ಮಾರ್ಕ್ಸ್ ಹಾಕಿಕೊಳ್ಳಿ" ಎಂದ ಹಾಗಾಯಿತು. ಅವರು ತಮಗೆ ತಾವೇ ಕಡಿಮೆ ಮಾರ್ಕ್ಸ್ ಕೊಟ್ಟುಕೊಳ್ಳುವ ಜಾಯಮಾನ. ಹತ್ತಿಪ್ಪತ್ತು ರೂಪಾಯಿ ಜಾಸ್ತಿಯೇ ಕಟ್ಟುತ್ತಾರೆ.

ಆದರೆ ಮೊಬೈಲಿನಲ್ಲಿ ಕಟ್ಟಿ ಎಂದರೆ ಕೇಳಬೇಕಲ್ಲ! "ದುಡ್ಡು ಕೊಟ್ಟ ಮ್ಯಾಲೆ ಒಂದು ಠಸ್ಸೆ ಬೀಳಬೇಕೋ ತಮ್ಮಾ. ಠಸ್ಸೆ ಬಿದ್ದ ಸಪ್ಪಳ ಕಿವಿಗೆ ಕೇಳಬೇಕು." ಅವರಿಗೂ ದಾರಿಯಿದೆ. ಮೊಮ್ಮಗ ಪೋರ್ಟಲ್ಲಿನಲ್ಲಿ ಚಲನ್ ತಯಾರಿಸಿ, "ಓವರ್ ದಿ ಕೌಂಟರ್" ಎಂಬುದನ್ನು ಒತ್ತಿ, ಪ್ರಿಂಟ್ ತೆಗೆದುಕೊಡುತ್ತಾನೆ. ಅದನ್ನು 15 ದಿನದೊಳಗೆ ಬ್ಯಾಂಕಿಗೆ ಒಯ್ದು ಚೆಕ್ಕು ಕೊಡಬಹುದು, ನಗದಾದರೆ 10,000 ರೂಪಾಯಿಯ ಮಿತಿ. ಹೀಗೆ ಮಾಸ್ತರರು ಛತ್ರಿ, ಚಾಳೀಸು, ಚೆಕ್‌ಬುಕ್ಕು ಸಮೇತ ಹೊರಟರೆ ಮಧ್ಯಾಹ್ನದ ಊಟಕ್ಕೆ ವಾಪಸ್ಸು.

ಅವರ ಕಬ್ಬಿಣದ ಟ್ರಂಕಿನಲ್ಲಿ ಹಳೆಯ ಚಲನ್‌ಗಳ ಕಟ್ಟಿದೆ. ಒಮ್ಮೆ ಬಿಚ್ಚಿ ತೋರಿಸಿದರು. ಕಾರ್ಬನ್ ಇಟ್ಟು ನಾಲ್ಕು ಪ್ರತಿ ಬರೆಯುತ್ತಿದ್ದ ಕಾಲದವು, ನೇರಳೆ ಅಕ್ಷರ ಮಾಸಿ ಹೋದವು. ಆಮೇಲಿನವು 2004ರಲ್ಲಿ ಬ್ಯಾಂಕುಗಳ ಲೆಕ್ಕ ಕಂಪ್ಯೂಟರಿಗೆ ಬಂದಾಗಿನ ಒಂಟಿ ಪ್ರತಿಯವು. ಮೂಲೆಯಲ್ಲಿ ಬ್ಯಾಂಕ್ ಶಾಖೆಯ ಏಳು ಅಂಕಿಯ ಬಿಎಸ್‌ಆರ್ ಕೋಡು, ತಾರೀಕು, ಐದಂಕಿಯ ಚಲನ್ ನಂಬರು. ಈ ಮೂರೂ ಸೇರಿದರೆ ಮಾತ್ರ ನೀವು ದುಡ್ಡು ಕಟ್ಟಿದ್ದಕ್ಕೆ ಸಾಕ್ಷಿ. ಒಂದಂಕಿ ತಪ್ಪಿದರೂ ದುಡ್ಡು ಯಾರದೋ ಎಂಬಂತೆ ಅನಾಥ. ಭೂತಗನ್ನಡಿ ಹಿಡಿದು ಠಸ್ಸೆಗಳನ್ನು ಓದುತ್ತ ಹೋದೆ. ಒಂದರ ಮೇಲೆ ವಿಜಯಾ ಬ್ಯಾಂಕು, ಒಂದರ ಮೇಲೆ ಸಿಂಡಿಕೇಟ್, ಒಂದರ ಮೇಲೆ ಕಾರ್ಪೊರೇಷನ್. ಮೂರೂ ನಮ್ಮ ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳು. 1931ರಲ್ಲಿ ಮಂಗಳೂರಿನಲ್ಲಿ ಶುರುವಾದ ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಕರಗಿತು. ಮರುವರ್ಷ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಸೇರಿದವು. "ನೋಡು, ಟ್ಯಾಕ್ಸ್ ತಗೊಂಡ ಬ್ಯಾಂಕು ಹೋತು, ಕಟ್ಟಿದಾಂವ ಇನ್ನೂ ಅದಾನ" ಎಂದು ಮಾಸ್ತರರು ಎದೆ ಉಬ್ಬಿಸಿದರು.

ಅವರ ಇನ್ನೊಂದು ಕೊರಗು ಅಧಿಕಾರಿಗಳ ಮುಖ ಕಾಣದ್ದು. ಹಿಂದೆ ಇನ್‌ಕಮ್ ಟ್ಯಾಕ್ಸ್ ಆಫೀಸೆಂದರೆ ಒಂದು ಯಾತ್ರೆ: ಚರ್ಚ್‌ಗೇಟಿನ ಆಯಕರ್ ಭವನ, ಲಾಲ್‌ಬಾಗಿನ ಪಿರಾಮಲ್ ಚೇಂಬರ್ಸ್, ನಮ್ಮ ಕಳವಾದಿಂದ ಖಾಡಿ ದಾಟಿದರೆ ಠಾಣೆಯ ಗೋಖಲೆ ರಸ್ತೆಯ ಕುರೇಶಿ ಮ್ಯಾನ್ಶನ್, ಕಲ್ಯಾಣದವರಿಗೆ ಮುರಬಾಡ್ ರಸ್ತೆಯ ರಾಣಿ ಮ್ಯಾನ್ಶನ್. ನಮ್ಮ ಕಡೆಯ ಟ್ಯಾಕ್ಸ್ ಆಫೀಸುಗಳೆಲ್ಲ ಮ್ಯಾನ್ಶನ್ನುಗಳಲ್ಲೇ ಯಾಕಿದ್ದವೋ, ಕಟ್ಟುವವರು ಇದ್ದದ್ದು ಚಾಳುಗಳಲ್ಲಿ. ಈಗ 2020ರಿಂದ "ಫೇಸ್‌ಲೆಸ್". ನಿಮ್ಮ ಕಾಗದ ನೋಡುವವರು ಗುವಾಹಟಿಯಲ್ಲಿದ್ದಾರೋ ಕೊಚ್ಚಿಯಲ್ಲಿದ್ದಾರೋ ದೇವರಿಗೇ ಗೊತ್ತು. "ಮುಖಾ ಇಲ್ಲದವರ ಕೂಡ ಜಗಳಾ ಹೆಂಗ ಆಡೋದು?" ಎನ್ನುತ್ತಾರೆ ಮಾಸ್ತರರು. ಅದಕ್ಕೇ ಹಾಗೆ ಮಾಡಿದ್ದು ಮಾಸ್ತರೇ, ಎಂದೆ.

ಜಗಳದ ಮಾತು ಬಂದದ್ದಕ್ಕೆ ಹೇಳುತ್ತೇನೆ, ಈ ಟ್ಯಾಕ್ಸಿನ ಮೂಲದಲ್ಲೇ ಜಗಳವಿದೆ. 1857ರ ದಂಗೆಯಲ್ಲಿ ಇಂಗ್ಲಿಷರ ಖಜಾನೆ ಬರಿದಾಯಿತು. ಅದನ್ನು ತುಂಬಿಸಲು ಲಂಡನ್ನಿನಿಂದ ಬಂದವನು ಜೇಮ್ಸ್ ವಿಲ್ಸನ್, "ಎಕನಾಮಿಸ್ಟ್" ಪತ್ರಿಕೆ ಹುಟ್ಟುಹಾಕಿದ ಮಹಾಶಯ. ವರ್ಷಕ್ಕೆ 200 ರೂಪಾಯಿ ವರಮಾನವಿದ್ದವರ ಮೇಲೂ ಅವನು ಹೇರಿದ ಟ್ಯಾಕ್ಸು 1860ರ ಜುಲೈ 24ರಂದು ಜಾರಿಗೆ ಬಂತು; ಇಲಾಖೆಯವರು ಆ ದಿನವನ್ನು ಈಗಲೂ ಆಚರಿಸುತ್ತಾರೆ. ಪಾಪ ವಿಲ್ಸನ್ನು, ಆಗಸ್ಟ್ 11ಕ್ಕೆ ಕಲ್ಕತ್ತೆಯಲ್ಲಿ ಭೇದಿ ಹತ್ತಿ ತೀರಿಕೊಂಡ. ಜನರ ಶಾಪ ತಟ್ಟಿತೆಂದು ನಾನು ಹೇಳುವುದಿಲ್ಲ, ನೀವು ಅಂದುಕೊಂಡರೆ ತಡೆಯುವುದೂ ಇಲ್ಲ. ನಮ್ಮವರು ಹೆಮ್ಮೆ ಪಡಬೇಕಾದ ಸಂಗತಿ ಇನ್ನೊಂದಿದೆ. ಆಗ ಕೆನರಾ ಇದ್ದದ್ದು ಮದ್ರಾಸ್ ಪ್ರಾಂತ್ಯದಲ್ಲಿ. ಅಲ್ಲಿನ ಗವರ್ನರ್ ಚಾರ್ಲ್ಸ್ ಟ್ರೆವೆಲ್ಯನ್ ಈ ಟ್ಯಾಕ್ಸು ಬೇಡವೇ ಬೇಡ ಎಂದು ಬಹಿರಂಗವಾಗಿ ಸಾರಿ, ಆ ತಪ್ಪಿಗೆ ಕೆಲಸವನ್ನೇ ಕಳೆದುಕೊಂಡು ಲಂಡನ್ನಿಗೆ ವಾಪಸ್ಸಾದ. ಟ್ಯಾಕ್ಸ್ ವಿರೋಧಿಸಿ ಗವರ್ನರ್‌ಗಿರಿ ಕಳೆದುಕೊಂಡವನೊಬ್ಬ ಇದ್ದ ಎಂದರೆ ನಮ್ಮ ಲಿಫ್ಟಿನ ವಿಚಾರವಾದಿಗಳಿಗೆ ನಂಬಿಕೆಯೇ ಬರುವುದಿಲ್ಲ.

"ಈಗಿನಷ್ಟು ಟ್ಯಾಕ್ಸ್ ಯಾವ ಕಾಲದಲ್ಲೂ ಇರಲಿಲ್ಲ" ಎನ್ನುವವರಿಗೂ ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ. 1973-74ರಲ್ಲಿ ಮೇಲಿನ ಹಂತದ ದರ ಸರ್‌ಚಾರ್ಜ್ ಸೇರಿ ನೂರಕ್ಕೆ 97.75 ಇತ್ತು. ಶ್ರೀಮಂತ ಕೊನೆಯ ನೂರು ರೂಪಾಯಿ ದುಡಿದರೆ ಮನೆಗೆ ಒಯ್ಯುತ್ತಿದ್ದದ್ದು ಎರಡೂಕಾಲು ರೂಪಾಯಿ. ಆ ಕಾಲದ ಮುಂಬಯಿಯಲ್ಲಿ ಬಜೆಟ್ ಆದ ಮೇಲೆ ವಕೀಲ ನಾನಿ ಪಾಲ್ಖಿವಾಲಾ ಅವರ ಭಾಷಣ ಕೇಳಲು ಜನ ಎಷ್ಟು ಸೇರುತ್ತಿದ್ದರೆಂದರೆ ಕೊನೆಗೆ ಬ್ರೆಬೋರ್ನ್ ಸ್ಟೇಡಿಯಮ್ಮೇ ಬೇಕಾಯಿತು. ಕ್ರಿಕೆಟ್ ಮೈದಾನದಲ್ಲಿ ಕೂತು ಟ್ಯಾಕ್ಸಿನ ವಿಷಯ ಕೇಳುವ ಜನ ಈ ಊರಲ್ಲದೆ ಇನ್ನೆಲ್ಲಿ ಸಿಕ್ಕಾರು?

ಇರಲಿ, ನಾಲ್ಕನೆಯ ಜಾತಕಕ್ಕೆ ಬರೋಣ. ಐರೋಳಿಯ ಐಟಿ ಕಂಪನಿಗೆ ಹೋಗಿ ಬರುವ ಹುಡುಗಿ, ಹೋಟೆಲಿನ ಅಣ್ಣನ ಸೊಸೆ. ಇವಳಿಗೆ ಬ್ಯಾಂಕೂ ಬೇಡ, ಠಸ್ಸೆಯೂ ಬೇಡ. ಒಂದು ಮಾರ್ಚ್‌ನಲ್ಲಿ ಮಾವನ ಅಡ್ವಾನ್ಸ್ ಟ್ಯಾಕ್ಸನ್ನು ಇವಳು ಗಲ್ಲಾದ ಪಕ್ಕ ನಿಂತು ಕಟ್ಟಿದ್ದನ್ನು ಕಣ್ಣಾರೆ ನೋಡಿದೆ. ಇನ್‌ಕಮ್ ಟ್ಯಾಕ್ಸ್ ಪೋರ್ಟಲ್ಲಿನ ಮೊದಲ ಪುಟದಲ್ಲೇ "ಈ-ಪೇ ಟ್ಯಾಕ್ಸ್" ಇದೆ. ಲಾಗಿನ್ ಕೂಡ ಬೇಡ. ಪ್ಯಾನ್ ನಂಬರ್ ಎರಡು ಸಲ ಹೊಡೆದಳು, ಮೊಬೈಲ್ ನಂಬರ್ ಕೊಟ್ಟಳು, ಓಟಿಪಿ ಬಂತು. ಆಮೇಲೆ ವರ್ಷ ಯಾವುದು ಎಂಬ ಪ್ರಶ್ನೆ. ಅಲ್ಲಿ ಅವಳು ಬೆರಳೆತ್ತಿ ನಿಂತಳು.

ಈ ವರ್ಷದ ಪ್ರಶ್ನೆಯೇ ಘಟಾನುಘಟಿಗಳನ್ನು ಕೆಡವಿದ್ದು. ಆಗ ದುಡಿದ ವರ್ಷ ಒಂದು, ಸರಕಾರ ಅದನ್ನು ತೂಗುವ ವರ್ಷ ಇನ್ನೊಂದು. 2024-25ರಲ್ಲಿ ದುಡಿದದ್ದಕ್ಕೆ ಅಸೆಸ್‌ಮೆಂಟ್ ಇಯರ್ 2025-26. ಇದನ್ನು ಅದಲುಬದಲು ಮಾಡಿದವರ ದುಡ್ಡು ಮುಂದಿನ ವರ್ಷದ ಖಾತೆಯಲ್ಲೋ ಹಿಂದಿನದರಲ್ಲೋ ಹೋಗಿ ಕೂತು, ಬೇಕಾದ ವರ್ಷಕ್ಕೆ "ಬಾಕಿ" ಎಂದು ಕಾಗದ ಬರುತ್ತಿತ್ತು. ಅರವತ್ತಕ್ಕೂ ಹೆಚ್ಚು ವರ್ಷಗಳ ಈ ಗೊಂದಲಕ್ಕೆ ಕೊನೆಗೂ ಮುಕ್ತಿ ಸಿಕ್ಕಿತು. 1961ರ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ ಬಂದ 2025ರ ಹೊಸ ಕಾಯ್ದೆಯಲ್ಲಿ ಎರಡೂ ಹೋಗಿ "ಟ್ಯಾಕ್ಸ್ ಇಯರ್" ಎಂಬ ಒಂದೇ ವರ್ಷ. ಹಳೆಯ ಬಾಕಿ ಕಟ್ಟುವವರು ಮಾತ್ರ ಹಳೆಯ ಲೆಕ್ಕವನ್ನೇ ಹಿಡಿಯಬೇಕು. ಮುಕ್ತಿಯೂ ಕಂತಿನಲ್ಲೇ ಬರುವುದು.

ಹುಡುಗಿ ವರ್ಷ ಆರಿಸಿ ಮುಂದೆ ಹೋದಳು. ಯಾವ ಬಗೆಯ ಟ್ಯಾಕ್ಸ್? 100 ಅಂದರೆ ಅಡ್ವಾನ್ಸು, 300 ಅಂದರೆ ಸೆಲ್ಫ್ ಅಸೆಸ್‌ಮೆಂಟು, 400 ಅಂದರೆ ಇಲಾಖೆ ಲೆಕ್ಕ ಹಾಕಿ "ಇಷ್ಟು ಕಟ್ಟು" ಎಂದು ಕೇಳಿದ್ದು. 100 ಒತ್ತಿದಳು. ಟ್ಯಾಕ್ಸು, ಸೆಸ್ಸು, ಬಡ್ಡಿ ಒಂದೊಂದಕ್ಕೂ ಬೇರೆ ಬೇರೆ ಮನೆ. ತುಂಬಿಸಿದ ಕೂಡಲೇ ಮೊತ್ತವನ್ನು ಅಕ್ಷರಗಳಲ್ಲೂ ತೋರಿಸಿತು. ಅಂಕಿಯಲ್ಲಿ ನೋಡಿದಾಗ ಸುಮ್ಮನಿದ್ದ ಅಣ್ಣ ಅಕ್ಷರದಲ್ಲಿ ಓದಿಸಿಕೊಂಡಾಗ "ಅಯ್ಯೋ ದೇವ್ರೇ" ಎಂದು ಸ್ಟೂಲಿನ ಮೇಲೆ ಕೂತರು. ಇನ್ನು ಕಟ್ಟುವ ಬಗೆ. ನೆಟ್‌ಬ್ಯಾಂಕಿಂಗ್, ಡೆಬಿಟ್ ಕಾರ್ಡು, ಬ್ಯಾಂಕ್ ಕೌಂಟರು, ಎನ್‌ಇಎಫ್‌ಟಿ ಅಥವಾ ಆರ್‌ಟಿಜಿಎಸ್, ಪೇಮೆಂಟ್ ಗೇಟ್‌ವೇ, ಹೀಗೆ ಐದು. ನಿಮ್ಮ ಖಾತೆ ಇರುವ ಬ್ಯಾಂಕು ಸರಕಾರದ ಪಟ್ಟಿಯಲ್ಲಿ ಇಲ್ಲವೆಂದು ಕಂಗಾಲಾಗಬೇಡಿ. ಚಲನ್ ರೆಫರೆನ್ಸ್ ನಂಬರ್ ಇರುವ ಫಾರ್ಮ್ ಪ್ರಿಂಟ್ ತೆಗೆದು, ನಮ್ಮವರ ಕೋ-ಆಪರೇಟಿವ್ ಬ್ಯಾಂಕಿನಿಂದ ಎನ್‌ಇಎಫ್‌ಟಿ ಮಾಡಿಸಿದರೂ ದುಡ್ಡು ನೇರ ರಿಸರ್ವ್ ಬ್ಯಾಂಕಿಗೆ ಮುಟ್ಟುತ್ತದೆ. ಗೇಟ್‌ವೇ ಹಿಡಿದರೆ ಯುಪಿಐ ಕೂಡ ಆದೀತು. ಟ್ಯಾಕ್ಸಿಗೆಂದು ಅದರ ಮಿತಿಯನ್ನು 2024ರಲ್ಲಿ 1 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದ್ದಾರೆ. ಕ್ರೆಡಿಟ್ ಕಾರ್ಡೂ ನಡೆಯುತ್ತದೆ, ಆದರೆ ಮೇಲೊಂದು ಚಾರ್ಜು, ಆ ಚಾರ್ಜಿನ ಮೇಲೆ ಜಿಎಸ್‌ಟಿ. ಸಾಲ ಮಾಡಿ ಟ್ಯಾಕ್ಸ್ ಕಟ್ಟಿ, ಕಟ್ಟಿದ್ದಕ್ಕೂ ಟ್ಯಾಕ್ಸ್ ಕಟ್ಟುವವರ ಜಾತಕ ನಾನು ಬರೆಯುವುದಿಲ್ಲ, ಅವರ ಶನಿ ಅವರಿಗೇ ಗೊತ್ತು.

ಹುಡುಗಿ ಯುಪಿಐ ಪಿನ್ ಒತ್ತಿದಳು. ಟಿಂಗ್! ಅಣ್ಣ ಕಣ್ಣು ಪಿಳಿಪಿಳಿ ಬಿಟ್ಟು, "ಆಯ್ತಾ? ಇಷ್ಟೇನಾ?" ಎಂದರು. ಅಷ್ಟರಲ್ಲಿ ಎರಡು ಕಟಿಂಗ್ ಚಹಾ ಕುಡಿದವನೊಬ್ಬ ಅದೇ ಟಿಂಗ್ ಮಾಡಿಸಿ ಹೊರಗೆ ಹೋದ. ಲಕ್ಷದ ಟಿಂಗಿಗೂ ಚಹಾದ ಟಿಂಗಿಗೂ ಸಪ್ಪಳದಲ್ಲಿ ವ್ಯತ್ಯಾಸವಿಲ್ಲದ್ದು ಅವರಿಗೆ ಭಾರೀ ಅವಮಾನವಾಯಿತು.

ಇನ್ನು, ತಾನು ಸರಕಾರದ ವಸೂಲಿಗಾರನಾಗಿದ್ದೇನೆಂದು ಗೊತ್ತೇ ಇಲ್ಲದ ಒಂದು ಜಾತಿಯಿದೆ. ಖಾರೇಗಾಂವ್, ಪಾರ್ಸಿಕ್ ಕಡೆ ಎದ್ದಿರುವ ಟವರುಗಳಲ್ಲಿ ಫ್ಲ್ಯಾಟ್ ಕೊಂಡವರು. ಬೆಲೆ 50 ಲಕ್ಷ ಮುಟ್ಟಿತೆಂದರೆ, ಕೊಳ್ಳುವವನೇ ಮಾರುವವನ ದುಡ್ಡಿನಿಂದ ನೂರಕ್ಕೆ ಒಂದು ಕಡಿದು ಸರಕಾರಕ್ಕೆ ಕಟ್ಟಬೇಕು. 2013ರ ಜೂನ್‌ನಿಂದ ಇದೇ ನಿಯಮ. ಈ ಕಡೆ ಎರಡು ಬೆಡ್‌ರೂಮಿನ ಮನೆ 50 ಲಕ್ಷದ ಕೆಳಗೆ ಎಲ್ಲಿದೆ ಹೇಳಿ? ಹಾಗಾಗಿ ಗೃಹಪ್ರವೇಶಕ್ಕೆ ಹಾಲು ಉಕ್ಕಿಸುವ ಮೊದಲು ಗೃಹಸ್ಥ ಟ್ಯಾಕ್ಸ್ ಕಲೆಕ್ಟರ್ ಆಗಿರಬೇಕು. ಮರೆತರೆ ಬಡ್ಡಿ, ದಿನಕ್ಕೆ 200 ರೂಪಾಯಿ ಲೇಟ್ ಫೀ. ಸತ್ಯನಾರಾಯಣ ಪೂಜೆಗೆ ಬಂದ ಭಟ್ಟರ ದಕ್ಷಿಣೆಯಲ್ಲಿ ಚೌಕಾಸಿ ಮಾಡಿ ಉಳಿಸಿದ್ದು ಅಲ್ಲಿಗೆ ಸರಿಹೋಯಿತು.

ಕೊನೆಯ ಜಾತಕ ನನ್ನ ಭಾವನದು. ಇವರು 400ರ ಗಿರಾಕಿ. ಬಾಗಿಲಿಗೆ ಬಂದು ಕೇಳುವವರೆಗೂ ಕೊಡುವುದಿಲ್ಲ, ಕೊಟ್ಟರೂ ಬಡ್ಡಿ ಸಮೇತ. ಮೊನ್ನೆ ಮೊನ್ನೆ, "ನಿಮ್ಮ ರಿಫಂಡ್ ಮಂಜೂರಾಗಿದೆ, ಈ ಲಿಂಕ್ ಒತ್ತಿ" ಎಂಬ ಮೆಸೇಜ್ ಬಂದಾಗ ಮಾತ್ರ ಭಾವ ಒಂದು ಕ್ಷಣವೂ ತಡಮಾಡಲಿಲ್ಲ. ಅಕ್ಕ ಕೈಯಿಂದ ಮೊಬೈಲ್ ಕಿತ್ತುಕೊಂಡಳು. "ರಿಟರ್ನೇ ಫೈಲ್ ಮಾಡದವರಿಗೆ ರಿಫಂಡ್ ಎಲ್ಲಿಂದ ಬರ್ತದೆ?" ಇಡೀ ಇಲಾಖೆಯ ಜಾಗೃತಿ ಅಭಿಯಾನ ಅಕ್ಕನ ಆ ಒಂದು ಮಾತಿನಲ್ಲಿತ್ತು. ಅಸಲಿ ಕಾಗದಕ್ಕೆ 2019ರ ಅಕ್ಟೋಬರ್‌ನಿಂದ ಡಿನ್ ಎಂಬ ನಂಬರ್ ಇರುತ್ತದೆ, ಅದನ್ನು ಪೋರ್ಟಲ್ಲಿನಲ್ಲೇ ತಾಳೆ ನೋಡಬಹುದು. ಪಿನ್ನು, ಪಾಸ್‌ವರ್ಡು ಕೇಳಿದವರು ಇಲಾಖೆಯವರಲ್ಲ.

ರಿಫಂಡಿನ ಮಾತಿಗೆ ಬಂದರೆ ಅಲ್ಲಿ ನಮ್ಮ ಬೆಂಗಳೂರಿನ ಕೈವಾಡವಿದೆ. ದೇಶದವರೆಲ್ಲರ ರಿಟರ್ನ್ ಹೋಗಿ ಮುಟ್ಟುವ ಕೇಂದ್ರ ಅಲ್ಲಿಯದು. ಒಂದು ಕಾಲದಲ್ಲಿ ಮುಂಬಯಿಯ ಸೇಠ್‌ಜಿಗಳೂ ಐಟಿಆರ್-ವಿ ಎಂಬ ಒಂಟಿ ಹಾಳೆಗೆ ರುಜು ಹಾಕಿ, ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ ಅಂಚೆಯ ವಿಳಾಸಕ್ಕೆ ಕಳಿಸಿ, ಮುಟ್ಟಿತೋ ಇಲ್ಲವೋ ಎಂದು ಪ್ರೇಮಪತ್ರ ಬರೆದವರಂತೆ ಚಡಪಡಿಸುತ್ತಿದ್ದರು. "ನಿಮ್ಮ ಬೆಂಗಳೂರಿನವರು ಇನ್ನೂ ಉತ್ತರ ಕೊಟ್ಟಿಲ್ಲ" ಎಂದು ನನ್ನನ್ನು ತರಾಟೆಗೆ ತೆಗೆದುಕೊಂಡವರುಂಟು. ಈಗ ಆಧಾರ್ ಓಟಿಪಿ ಒತ್ತಿದರೆ ಮುಗಿಯಿತು, 30 ದಿನದೊಳಗೆ ಒತ್ತಬೇಕು ಅಷ್ಟೆ. ಒಂದು ಸಣ್ಣ ಲೆಕ್ಕ ಮಾತ್ರ ನನಗೆ ಇವತ್ತಿಗೂ ಸರಿಕಾಣುವುದಿಲ್ಲ. ನಾವು ತಡಮಾಡಿದರೆ ಸರಕಾರಕ್ಕೆ ತಿಂಗಳಿಗೆ ನೂರಕ್ಕೆ ಒಂದು ಬಡ್ಡಿ. ಸರಕಾರ ನಮ್ಮ ರಿಫಂಡ್ ಕೊಡಲು ತಡಮಾಡಿದರೆ ನಮಗೆ ನೂರಕ್ಕೆ ಅರ್ಧ. ಆ ಅರ್ಧ ಬಡ್ಡಿಯನ್ನೂ ವರಮಾನವೆಂದು ತೋರಿಸಿ ಅದಕ್ಕೆ ಮತ್ತೆ ಟ್ಯಾಕ್ಸ್ ಕಟ್ಟಬೇಕು! ಇಂಥ ಸಾಲಗಾರ ನಮ್ಮ ಊರಿನಲ್ಲಿದ್ದಿದ್ದರೆ ಪಂಚಾಯಿತಿ ಸೇರಿಸುತ್ತಿದ್ದೆವು.

ಇಷ್ಟೆಲ್ಲ ಜಾತಕ ನೋಡಿದ ಮೇಲೆ ನನಗೆ ಅನ್ನಿಸಿದ್ದನ್ನು ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಸರಕಾರ ಏನು ಮಾಡುತ್ತಿದೆ ಎಂದು ಗಟ್ಟಿಯಾಗಿ ಕೇಳುವವರು ಬಹುಪಾಲು ಕಡಿಸಿಕೊಂಡವರು. ಲೆಕ್ಕ ಹಿಡಿದು ಕೇಳುವವರು ಕೈಯಾರೆ ಕಟ್ಟಿದವರು. ಒಮ್ಮೆ ನಗರಪಾಲಿಕೆಯ ಸಭೆಗೆ ಅರ್ಜಿ ಒಯ್ದವರು ಮಾಸ್ತರರು; ಅರ್ಜಿಯ ಕೆಳಗೆ ರುಜು ಹಾಕಲು ಪೆನ್ನು ಕೇಳಿದವರು ಹೋಟೆಲಿನ ಅಣ್ಣ; ಭಾಷಣ ಮಾಡಿದವರಿಗೆ ಆ ದಿನ ಆಫೀಸಿತ್ತು. ಬಟನ್ ಒತ್ತುವಾಗ ಕೈ ಒಂದು ಸಲವಾದರೂ ನಡುಗಿದವನಿಗೆ ದುಡ್ಡು ಎಲ್ಲಿಗೆ ಹೋಯಿತೆಂಬ ಕುತೂಹಲ ಉಳಿಯುತ್ತದೆ.

ಆದ್ದರಿಂದ ಸಂಬಳದ ಬಂಧುಗಳೇ, ಕಂಪನಿಯವರು ಎಲ್ಲ ಕಡಿದಿದ್ದಾರೆಂದು ಕಾಲು ಚಾಚಿ ಮಲಗಬೇಡಿ. ಎಫ್‌ಡಿಯ ಬಡ್ಡಿ, ಶೇರಿನ ಡಿವಿಡೆಂಡು ಕಂಪನಿಯ ಲೆಕ್ಕದಲ್ಲಿ ಇರುವುದಿಲ್ಲ. ಒಮ್ಮೆ ಕೂಡಿಸಿ, ಟ್ಯಾಕ್ಸ್ ಬಾಕಿಯಿದ್ದರೆ 300 ಒತ್ತಿ ನೀವೇ ಕಟ್ಟಿ ನೋಡಿ. ಯಾವ ಬಡ್ಡಿ ಎಲ್ಲಿ ಬಂತೆಂದು ನೆನಪಿಲ್ಲವೇ? ಚಿಂತೆಯಿಲ್ಲ. ಪೋರ್ಟಲ್ಲಿನಲ್ಲಿ ಎಐಎಸ್ ಎಂಬ ಪಟ್ಟಿಯಿದೆ. ನೀವು ಮರೆತ ಎಫ್‌ಡಿ ಅದಕ್ಕೆ ಚೆನ್ನಾಗಿ ನೆನಪಿದೆ, ಮನೆಯವರಿಗೆ ಹೇಳದೆ ಇಟ್ಟದ್ದು ಕೂಡ. ಅದನ್ನು ತೆರೆಯುವ ಮುಂಚೆ ಬೆನ್ನ ಹಿಂದೆ ಯಾರೂ ನಿಂತಿಲ್ಲವಷ್ಟೇ ಎಂದು ನೋಡಿಕೊಳ್ಳಿ.